ಗದ್ದೆ ಮಾರಿ ಸಾಲ ತೀರಿಸಿದೆವು, ಅಪ್ಪ ಮಾತು ಬಿಟ್ಟರು

ನಾಲೆ ಏರಿ · ಭಾನುವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಹಳ ದಿನದಿಂದ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ.

ನಮ್ಮದು ದಾವಣಗೆರೆ ಪಕ್ಕದ ಹಳ್ಳಿ. ಈಗ ಹಳ್ಳಿ ಅನ್ನುವ ಹಾಗೂ ಇಲ್ಲ, ಪೇಟೆ ಬೆಳೆದು ನಮ್ಮ ಮನೆ ಬಾಗಿಲಿಗೆ ಬಂದಿದೆ. ಭದ್ರಾ ನಾಲೆ ಕೆಳಗೆ ಎರಡು ಎಕರೆ ಹತ್ತು ಗುಂಟೆ ಗದ್ದೆ ಇತ್ತು. ಅಚ್ಚುಕಟ್ಟಿನ ಕೊನೆ ಭಾಗ. ಡ್ಯಾಂ 186 ಅಡಿ ತುಂಬಿದ ವರ್ಷವೂ ನಮ್ಮ ತೂಬಿಗೆ ನೀರು ಬಂದಾಗಲೇ ಬಂತು ಅನ್ನಬೇಕು. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ಅಪ್ಪನ ಜೊತೆ ನೀರು ಕಾಯಲು ಹೋದದ್ದು ನನಗೆ ಚೆನ್ನಾಗಿ ನೆನಪಿದೆ.

2023ರ ಬರದಲ್ಲಿ ಬೇಸಿಗೆ ಬೆಳೆ ಕೈಬಿಟ್ಟಿತು. ಅದಕ್ಕೂ ಮೊದಲೇ ತಂಗಿಯ ಮದುವೆ ಸಾಲ, ಗೊಬ್ಬರದ ಅಂಗಡಿ ಬಾಕಿ, ನೆಂಟರ ಕೈಗಡ ಎಲ್ಲಾ ಸೇರಿ ಬೆಟ್ಟ ಆಗಿತ್ತು. ಹೋದ ವರ್ಷ ಲೇಔಟ್ ಮಾಡುವವರು ಬಂದರು. ನಾವು ಕನಸಲ್ಲೂ ನೆನೆಸದ ರೇಟು ಹೇಳಿದರು. ಅಪ್ಪ ಮೂರು ದಿನ ಏನೂ ಹೇಳಲಿಲ್ಲ. ನಾಲ್ಕನೇ ದಿನ "ಆಯ್ತಪ್ಪ, ನಿಮ್ಮಿಷ್ಟ" ಎಂದರು. ಸಹಿ ಆಯಿತು.

ಎಲ್ಲಾ ಸಾಲ ತೀರಿಸಿದೆವು. ಮೇಲೆ ಒಂದು ಮನೆ ಕಟ್ಟಿ ಬಾಡಿಗೆಗೆ ಕೊಟ್ಟೆವು. ಉಳಿದದ್ದು ಬ್ಯಾಂಕಿನಲ್ಲಿದೆ. ಈಗ ಬರುವ ಬಡ್ಡಿ, ಬಾಡಿಗೆ ಸೇರಿಸಿದರೆ ಗದ್ದೆ ಯಾವ ವರ್ಷವೂ ಇಷ್ಟು ಕೊಟ್ಟಿರಲಿಲ್ಲ. ಮೊದಲ ಎರಡು ತಿಂಗಳು ನಾನು ಚೆನ್ನಾಗಿ ನಿದ್ದೆ ಮಾಡಿದೆ. ಫೋನ್ ಬಂದರೆ ಎದೆ ಹೊಡೆದುಕೊಳ್ಳುವುದು ನಿಂತಿತು. ಅಷ್ಟು ಸತ್ಯ.

ಆದರೆ ಅಪ್ಪ? ಅವರಿಗೆ 68. ಊಟ ಅರ್ಧ ಆಗಿದೆ. ಮಾತು ಅದಕ್ಕಿಂತ ಕಡಿಮೆ. ಬೆಳಿಗ್ಗೆ ಎದ್ದು ಗದ್ದೆ ಇದ್ದ ಜಾಗಕ್ಕೆ ಹೋಗಿ ನಿಂತು ಬರುತ್ತಾರೆ. ಅಲ್ಲಿ ಈಗ ಬರೀ ಕೆಂಪು ಮಣ್ಣು, ಸೈಟ್ ಕಲ್ಲು. ಮೊದಲು ದಿನಾ ಹೋಟೆಲ್ ಕಟ್ಟೆಗೆ ಹೋಗುತ್ತಿದ್ದರು, ಅದನ್ನೂ ಬಿಟ್ಟಿದ್ದಾರೆ.

ಸಾಲ ಇದ್ದಾಗ ನಗುತ್ತಿದ್ದ ಮನುಷ್ಯ, ದುಡ್ಡು ಬಂದ ಮೇಲೆ ನಗುವುದಿಲ್ಲ ಅಂದರೆ ಏನರ್ಥ? ನಾವು ಮಾಡಿದ್ದು ತಪ್ಪಾ?

ಬೆಂಗಳೂರಲ್ಲಿ ದಾವಣಗೆರೆ · ಭಾನುವಾರ ರಾತ್ರಿ 10:35

ತಪ್ಪಲ್ಲ ಬ್ರದರ್. ಆದರೆ ದುಡ್ಡಿಗೆ ಒಂದು ಮಿತಿ ಇದೆ.

ನಾನು ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಶುರುವಿನ ಸಂಬಳಕ್ಕೂ ಈಗಿನದಕ್ಕೂ ಆರು ಪಟ್ಟು ವ್ಯತ್ಯಾಸ. ಖುಷಿ ಆರು ಪಟ್ಟು ಆಗಲಿಲ್ಲ. ಮೊದಲ ಸಂಬಳದಲ್ಲಿ ಅಮ್ಮನಿಗೆ ಮೊಳಕಾಲ್ಮೂರು ಸೀರೆ ತೆಗೆದುಕೊಂಡು ಬಸ್ ಹತ್ತಿದ ದಿನ ಇತ್ತಲ್ಲ, ಆ ಖುಷಿ ಫ್ಲ್ಯಾಟ್ ಕೊಂಡ ದಿನ ಬರಲಿಲ್ಲ.

ಅಮೆರಿಕದಲ್ಲಿ 2010ರಲ್ಲಿ ಡೇನಿಯಲ್ ಕಾಹ್ನೆಮನ್, ಆಂಗಸ್ ಡೀಟನ್ ಅಂತ ಇಬ್ಬರು ದೊಡ್ಡ ಅಧ್ಯಯನ ಮಾಡಿದರು. ವರ್ಷಕ್ಕೆ 75 ಸಾವಿರ ಡಾಲರ್ ದಾಟಿದ ಮೇಲೆ ದಿನನಿತ್ಯದ ಸಂತೋಷ ಏರುವುದಿಲ್ಲ ಎಂದರು. ನಮ್ಮ ಆಯ್ದಕ್ಕಿ ಲಕ್ಕಮ್ಮ ಇದನ್ನು 12ನೇ ಶತಮಾನದಲ್ಲೇ ಮಾಡಿ ತೋರಿಸಿದಳು. ಗಂಡ ದಿನಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೆ ಬೇಡ, ವಾಪಸ್ ಹಾಕಿ ಬಾ ಎಂದಳು. ಸಾಕು ಅನ್ನುವುದು ಗೊತ್ತಾಗಬೇಕು ಅಷ್ಟೇ.

ಭಟ್ಟಿ ಹುಡುಗ · ಭಾನುವಾರ ರಾತ್ರಿ 11:20

ಅಣ್ಣಾ, ಬೇಜಾರು ಮಾಡಿಕೊಳ್ಳಬೇಡಿ. ನನಗೆ ಈ ಮಾತು ಓದಿ ಸಂಕಟ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಅಪ್ಪನೂ ಅಲ್ಲೇ ದುಡಿದವರು. ಭತ್ತ ನೆನೆಸುವುದು, ಹುರಿಯುವುದು, ಅಕ್ಕಿ ಮಾಡಿಸುವುದು, ಆಮೇಲೆ ಕಾದ ಮರಳಲ್ಲಿ ಹಾಕಿ ಅರಳಿಸುವುದು. ಕತ್ತಲಲ್ಲಿ ಶುರು ಮಾಡಿದರೆ ಬಿಸಿಲು ಏರುವವರೆಗೂ ಬೆಂಕಿ ಮುಂದೆಯೇ ಇರಬೇಕು. ಸಂಜೆ ನೀವೆಲ್ಲ ಮೆಣಸಿನಕಾಯಿ ಜೊತೆ ತಿನ್ನುವ ಮಂಡಕ್ಕಿ ಅಲ್ಲಿಂದ ಬರುತ್ತದೆ.

ಮೂರು ವರ್ಷದ ಹಿಂದೆ ನಮ್ಮ ಅಮ್ಮಿಗೆ ಆಪರೇಷನ್ ಆಯಿತು. ಕಾರ್ಡಿನಲ್ಲಿ ಸ್ವಲ್ಪ ಹೋಯಿತು. ಉಳಿದದ್ದಕ್ಕೆ ಒಂದು ಲಕ್ಷ ಬೇಕಾಯಿತು. ನೂರಕ್ಕೆ ಐದರಂತೆ ತಂದೆ. ತಿಂಗಳಿಗೆ ಐದು ಸಾವಿರ ಬಡ್ಡಿ. ಮೂರು ವರ್ಷಕ್ಕೆ 1 ಲಕ್ಷ 80 ಸಾವಿರ ಕಟ್ಟಿದ್ದೇನೆ. ಅಸಲು ಒಂದು ಲಕ್ಷ ಹಾಗೇ ಇದೆ.

ನನ್ನ ಹೆಂಡತಿ ಒಳ್ಳೆಯವಳು. ಮಗು ಚೆನ್ನಾಗಿದೆ. ಆದರೆ ತಿಂಗಳ ಐದನೇ ತಾರೀಖು ಹತ್ತಿರ ಬಂದರೆ ನಾನು ಯಾರ ಜೊತೆಯೂ ಸರಿಯಾಗಿ ಮಾತಾಡುವುದಿಲ್ಲ. ಮಗು ಓಡಿ ಬಂದು ಕಾಲು ಹಿಡಿದರೂ ನನ್ನ ತಲೆ ಬೇರೆ ಎಲ್ಲೋ ಇರುತ್ತದೆ. ಅವತ್ತು ಬಡ್ಡಿ ಕೊಟ್ಟು ಬಂದ ಮೇಲೆ ಮಗುವನ್ನು ಎತ್ತಿಕೊಳ್ಳುತ್ತೇನೆ.

ದುಡ್ಡಿಗೂ ಖುಷಿಗೂ ಸಂಬಂಧ ಇಲ್ಲ ಅನ್ನಬೇಡಿ ಅಣ್ಣಾ. ನನಗೆ ತಿಂಗಳಿಗೆ ಐದು ಸಾವಿರ ಉಳಿದರೆ ನಾನು ಬೇರೆಯೇ ಮನುಷ್ಯ ಆಗುತ್ತೇನೆ.

ದುರ್ಗದ ಮೇಷ್ಟ್ರು · ಸೋಮವಾರ ಬೆಳಿಗ್ಗೆ 6:40

ಭಟ್ಟಿ ಹುಡುಗ, ನಿಮ್ಮ ಮಾತನ್ನು ಎರಡು ಸಲ ಓದಿದೆ. ಐದನೇ ತಾರೀಖಿನ ಬಗ್ಗೆ ಬರೆದಿರಲ್ಲ, ಅದನ್ನು ಅಳೆದು ನೋಡಿದವರೂ ಇದ್ದಾರೆ.

ತಮಿಳುನಾಡಿನಲ್ಲಿ 464 ಕಬ್ಬು ಬೆಳೆಗಾರರನ್ನು ಮಾತಾಡಿಸಿ ಒಂದು ಅಧ್ಯಯನ ಮಾಡಿದರು. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಕಬ್ಬಿನ ದುಡ್ಡು ವರ್ಷಕ್ಕೆ ಒಮ್ಮೆ ಬರುತ್ತದೆ. ಹಾಗಾಗಿ ಅದೇ ರೈತ ಕಟಾವಿಗೆ ಮೊದಲು ಬಡವ, ಕಟಾವಾದ ಮೇಲೆ ಸ್ವಲ್ಪ ಕೈ ಆಡುತ್ತದೆ. ಎರಡೂ ಹೊತ್ತಿನಲ್ಲಿ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆ ಇಟ್ಟರು. ಅದೇ ಮನುಷ್ಯ, ಅದೇ ತಲೆ. ಕಟಾವಿಗೆ ಮೊದಲು ಕಡಿಮೆ ಅಂಕ, ಆಮೇಲೆ ಜಾಸ್ತಿ. ಸಾಲದ ಲೆಕ್ಕ ತಲೆಯಲ್ಲಿ ಜಾಗ ಹಿಡಿದು ಕೂತಿರುತ್ತದೆ. ಬೇರೆಯದಕ್ಕೆ ಜಾಗ ಉಳಿಯುವುದಿಲ್ಲ. ನಾನು 31 ವರ್ಷ ಪಾಠ ಮಾಡಿದೆ. ಮನೆಯಲ್ಲಿ ಕಷ್ಟ ಇದ್ದ ಮಕ್ಕಳನ್ನು "ಗಮನ ಎಲ್ಲಿದೆ" ಅಂತ ಎಷ್ಟು ಸಲ ಬೈದಿದ್ದೇನೋ. ಈಗ ನೆನೆದರೆ ನೋವಾಗುತ್ತದೆ.

ಬೆಂಗಳೂರಿನವರಿಗೆ ಒಂದು ತಿದ್ದುಪಡಿ. ಆ 75 ಸಾವಿರ ಡಾಲರ್ ಮಾತು ಅಲ್ಲಿಗೇ ನಿಲ್ಲಲಿಲ್ಲ. 2021ರಲ್ಲಿ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಅನ್ನುವವರು ಸಾವಿರಾರು ಜನರ ಫೋನಿಗೆ ಆಗಾಗ "ಈಗ ಹೇಗನಿಸುತ್ತಿದೆ" ಎಂದು ಕೇಳಿ ನೋಡಿದರು. ಆ ಮಿತಿ ಕಾಣಲಿಲ್ಲ. ಆಮೇಲೆ ಅವರೂ ಕಾಹ್ನೆಮನ್ನರೂ ಜಗಳ ಆಡದೆ ಒಟ್ಟಿಗೆ ಕೂತು ಲೆಕ್ಕ ಹಾಕಿದರು. 2023ರಲ್ಲಿ ಇಬ್ಬರೂ ಸೇರಿ ಹೇಳಿದ್ದು ಇಷ್ಟು. ಹೆಚ್ಚಿನವರಿಗೆ ಆದಾಯ ಏರಿದಂತೆ ಸಂತೋಷವೂ ಏರುತ್ತಲೇ ಹೋಗುತ್ತದೆ. ತೀರಾ ದುಃಖದಲ್ಲಿರುವ ಐದರಲ್ಲಿ ಒಂದು ಪಾಲು ಜನರಿಗೆ ಮಾತ್ರ ಸುಮಾರು ಒಂದು ಲಕ್ಷ ಡಾಲರ್ ಹತ್ತಿರ ನಿಂತುಹೋಗುತ್ತದೆ. ಆಮೇಲೆ ಉಳಿಯುವ ದುಃಖ ದುಡ್ಡಿಗೆ ಬಗ್ಗುವಂಥದ್ದಲ್ಲ. ಸಾವು, ಅಗಲಿಕೆ, ಖಿನ್ನತೆ, ಇಂಥವು.

ಆ ಡಾಲರನ್ನು ರೂಪಾಯಿಗೆ ತಿರುಗಿಸಿ ನಮ್ಮೂರಿಗೆ ಹಚ್ಚಬೇಡಿ. ಅಲ್ಲಿಯ ಬಾಡಿಗೆ ಬೇರೆ, ಆಸ್ಪತ್ರೆ ಖರ್ಚು ಬೇರೆ. ಏರುವುದು ಎಲ್ಲಿ, ನಿಲ್ಲುವುದು ಎಲ್ಲಿ ಅನ್ನುವ ಆಕಾರ ನೋಡಿದರೆ ಸಾಕು.

ಮಿಲ್ ಕಾಲೊನಿ · ಸೋಮವಾರ ಮಧ್ಯಾಹ್ನ 1:15

ನಾಲೆ ಏರಿ ಅವರೇ, ನಿಮ್ಮ ಅಪ್ಪನ ಬಗ್ಗೆ ಓದುವಾಗ ನಮ್ಮ ಅಪ್ಪ ಕಣ್ಣ ಮುಂದೆ ಬಂದರು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಹಿರಿಯರಿಗೆ ನೆನಪಿರುತ್ತದೆ. ಬಟ್ಟೆ ಗಿರಣಿಗಳ ಸೈರನ್ ಕೇಳಿ ಊರು ಏಳುತ್ತಿತ್ತು, ಮಲಗುತ್ತಿತ್ತು. ನಮ್ಮ ಅಪ್ಪ ಒಂದು ಮಿಲ್ಲಿನಲ್ಲಿ ನೇಯ್ಗೆ ವಿಭಾಗದಲ್ಲಿದ್ದರು. ಬಾಗಿಲು ಹಾಕಿದಾಗ ನಾನು ಆರನೇ ಕ್ಲಾಸು. ಬರಬೇಕಾದ ದುಡ್ಡು ವರ್ಷಗಟ್ಟಲೆ ಬರಲಿಲ್ಲ. ಆ ಕಷ್ಟ ಹೇಳಿ ತೀರುವುದಿಲ್ಲ, ಬಿಡಿ.

ಆದರೆ ಒಂದು ದಿನ ದುಡ್ಡು ಬಂತು. ಒಟ್ಟಿಗೆ, ಕೈ ತುಂಬ. ಅಮ್ಮ ಹೋಳಿಗೆ ಮಾಡಿದರು. ಅಪ್ಪ ತಿನ್ನಲಿಲ್ಲ. ಅವರು ಆಗಲೂ ಬೆಳಿಗ್ಗೆ ಐದಕ್ಕೇ ಎದ್ದು, ಸ್ನಾನ ಮಾಡಿ, ಶರ್ಟು ಹಾಕಿಕೊಂಡು, ಹೊರಗೆ ಕಟ್ಟೆ ಮೇಲೆ ಕೂರುತ್ತಿದ್ದರು. ಎಲ್ಲಿಗೆ ಅಂತ ಕೇಳಿದರೆ ಸುಮ್ನೆ ಅನ್ನುತ್ತಿದ್ದರು. ಪಾಳಿಯಲ್ಲಿ ಜೊತೆಗಿದ್ದವರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಿದ್ದರು. "ಬಾರಪ್ಪ, ಈ ಮಗ್ಗ ನೋಡು" ಅಂತ ಕರೆಯುವವರು ಯಾರೂ ಇರಲಿಲ್ಲ.

ಅವರು ಹಾಗೇ ಒಳಗೊಳಗೇ ಬತ್ತಿ ಹೋದರು. ಅದು ಖಿನ್ನತೆ ಅನ್ನುವ ಕಾಯಿಲೆ, ಅದಕ್ಕೆ ಔಷಧಿ ಇದೆ ಅಂತ ನಮಗೆ ಗೊತ್ತೇ ಇರಲಿಲ್ಲ. ವಯಸ್ಸಾಯಿತು, ಬೇಜಾರು ಇರುತ್ತೆ ಅಂದುಕೊಂಡೆವು. ನಿಮ್ಮ ಅಪ್ಪನ ಊಟ ಅರ್ಧ ಆಗಿದೆ ಎಂದಿರಿ. ಅದನ್ನು ಹಗುರ ಮಾಡಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇರುತ್ತದೆ. ಅಷ್ಟು ದೂರ ಹೋಗಲು ಅವರು ಒಪ್ಪದಿದ್ದರೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲು ನೀವೇ ಫೋನ್ ಮಾಡಿ ಕೇಳಿ.

ನಾಲೆ ಏರಿ · ಸೋಮವಾರ ರಾತ್ರಿ 8:30

ಅಕ್ಕಾ, ಫೋನ್ ಮಾಡಿದೆ. ಚೆನ್ನಾಗಿ ಮಾತಾಡಿದರು. ಗುರುವಾರ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಬಿಪಿ ತೋರಿಸಲು ಅಂತ ಹೇಳಿದ್ದೇನೆ. ಅದು ಸುಳ್ಳು, ಆದರೆ ಬೇರೆ ದಾರಿ ತೋಚಲಿಲ್ಲ.

ಇನ್ನೊಂದು ವಿಷಯ ಹೇಳಲು ಮರೆತಿದ್ದೆ. ಅಪ್ಪ ಈಗಲೂ ದಿನಾ ಪೇಪರಿನಲ್ಲಿ ಭದ್ರಾ ಡ್ಯಾಂ ಮಟ್ಟ ನೋಡುತ್ತಾರೆ. ಎಷ್ಟು ಅಡಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಬೇರೇನೂ ಓದುವುದಿಲ್ಲ. ನಮಗೆ ಈಗ ಆ ನೀರಿನಿಂದ ಏನೂ ಆಗಬೇಕಾಗಿಲ್ಲ.

ಮಾರಿಕಣಿವೆ · ಸೋಮವಾರ ರಾತ್ರಿ 9:05

ಡ್ಯಾಂ ಮಟ್ಟದ ಮಾತು ಬಂದ ಮೇಲೆ ನಾನೂ ಬರೆಯಲೇಬೇಕು. ನಾನು ಹಿರಿಯೂರು ಕಡೆಯವನು.

ನಮ್ಮ ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿದದ್ದು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದಿರಲಿಲ್ಲ. ನಮ್ಮ ತಾತ ನೋಡಿದ್ದರಂತೆ, ಅಪ್ಪ ನೋಡದೆ ಹೋದರು. ಬರದ ವರ್ಷಗಳಲ್ಲಿ ತೆಂಗಿನ ಮರಕ್ಕೆ ಟ್ಯಾಂಕರ್ ನೀರು ಕೊಂಡು ಹಾಕಿದ್ದೇನೆ. ಕಾಯಿ ಮಾರಿದ ದುಡ್ಡಿಗಿಂತ ನೀರಿನ ದುಡ್ಡು ಜಾಸ್ತಿ ಆದ ವರ್ಷವೂ ಇದೆ. ಆದರೂ ಹಾಕಿದೆ. ಅಪ್ಪ ನೆಟ್ಟ ಮರ ಅಲ್ವಾ.

2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. 89 ವರ್ಷ ಆದ ಮೇಲೆ. ಅಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಜಾತ್ರೆ ಹಾಗೆ ಜನ. ನೀರು ಬೀಳುವುದನ್ನು ನೋಡುತ್ತಾ ಅಮ್ಮ ಅಳುತ್ತಿದ್ದರು, ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಅಜ್ಜಿಯೂ ಅಳುತ್ತಿದ್ದರು. ಇಬ್ಬರೂ ಕೈ ಹಿಡಿದುಕೊಂಡಿದ್ದರು. ಅವತ್ತು ನನ್ನ ಜೇಬಿನಲ್ಲಿ ಪೆಟ್ರೋಲ್ ದುಡ್ಡು ಬಿಟ್ಟರೆ ಏನೂ ಇರಲಿಲ್ಲ. ಅಂಥ ಖುಷಿ ನಾನು ಮತ್ತೆ ಕಂಡಿಲ್ಲ.

ನಿಮ್ಮ ಅಪ್ಪ ಪೇಪರಿನಲ್ಲಿ ನೀರು ನೋಡುವುದು ನನಗೆ ಅರ್ಥ ಆಗುತ್ತದೆ. ತಡೆಯಬೇಡಿ.

ನಿಟ್ಟುವಳ್ಳಿ ಅಕ್ಕ · ಮಂಗಳವಾರ ಬೆಳಿಗ್ಗೆ 11:10

ತಮ್ಮಾ, ನನ್ನದು ಒಂದು ಪ್ರಶ್ನೆ ಇದೆ. ಅದಕ್ಕೆ ಮೊದಲು ನನ್ನ ಕಥೆ ಹೇಳುತ್ತೇನೆ.

ನಮ್ಮ ಯಜಮಾನರದು ಚಿಕ್ಕ ಅಂಗಡಿ. ಮನೆಗೆ ಏನೂ ಕೊರತೆ ಇಲ್ಲ. ಅಕ್ಕಿ, ಬೇಳೆ, ಎಣ್ಣೆ ಎಲ್ಲಾ ತಂದು ಹಾಕುತ್ತಾರೆ. ಕೇಳಿದರೆ ದುಡ್ಡೂ ಕೊಡುತ್ತಾರೆ, ಇಲ್ಲ ಅಂದವರಲ್ಲ. ಆದರೆ ಕೇಳಬೇಕು. ಇಪ್ಪತ್ತೆರಡು ವರ್ಷ ಕೇಳಿದ್ದೇನೆ. ಐವತ್ತು ರೂಪಾಯಿ ಕೇಳಿದರೆ "ಯಾಕೆ" ಅನ್ನುತ್ತಾರೆ. ಕೋಪಕ್ಕಲ್ಲ, ಸುಮ್ನೆ ಬಾಯಿಗೆ ಬರುತ್ತದೆ. ಆ "ಯಾಕೆ"ಗೆ ಉತ್ತರ ಹುಡುಕುವುದಕ್ಕಿಂತ ಬೇಡ ಅನಿಸಿ ಎಷ್ಟೋ ಆಸೆ ಬಿಟ್ಟಿದ್ದೇನೆ.

2023ರಿಂದ ಗೃಹಲಕ್ಷ್ಮಿ 2000 ನನ್ನ ಖಾತೆಗೆ ಬರುತ್ತಿದೆ. ತಡವಾಗಿ ಬಂದ ತಿಂಗಳೂ ಇವೆ. ಅದರಲ್ಲಿ ಒಂದು ಸಾವಿರ ಚೀಟಿಗೆ ಕಟ್ಟುತ್ತೇನೆ. ಉಳಿದದ್ದು ನನ್ನದು. ಶಕ್ತಿ ಬಸ್ಸಿನಲ್ಲಿ ಜಗಳೂರಿಗೆ ಹೋಗಿ ಅವ್ವನನ್ನು ನೋಡಿ ಬರುತ್ತೇನೆ. ಹೋಗುವಾಗ ಅವಳಿಗೆ ಎಲೆ ಅಡಿಕೆ, ಹಣ್ಣು ತೆಗೆದುಕೊಳ್ಳುತ್ತೇನೆ. ಯಾರಿಗೂ ಲೆಕ್ಕ ಹೇಳಬೇಕಾಗಿಲ್ಲ. ಮನೆಗೆ ಬರುವ ದುಡ್ಡಿನ ಮುಂದೆ 2000 ದೊಡ್ಡದಲ್ಲ. ಆದರೆ ಮನೆಯ ದುಡ್ಡು ಕೊಡದ ಖುಷಿಯನ್ನು ಇದು ಕೊಟ್ಟಿದೆ.

ಬೆಂಗಳೂರಿನ ತಮ್ಮ ಲಕ್ಕಮ್ಮನ ಹೆಸರು ಹೇಳಿದ್ದಾರೆ. ಲಕ್ಕಮ್ಮನ ಮನೆಯಲ್ಲಿ ಅವತ್ತಿನ ಅಡುಗೆಗೆ ಬೇಕಾದಷ್ಟು ಇತ್ತು. ಬೇಡ ಅನ್ನುವ ಮಾತೂ ಅವಳದೇ ಆಗಿತ್ತು. ಗಂಡ ಅದನ್ನು ಕೇಳಿದ.

ಈಗ ನನ್ನ ಪ್ರಶ್ನೆ. ಗದ್ದೆ ಮಾರಿದ ದುಡ್ಡು ಯಾರ ಹೆಸರಿನಲ್ಲಿದೆ? ಎಟಿಎಂ ಕಾರ್ಡ್ ಯಾರ ಹತ್ತಿರ ಇದೆ? ನಿಮ್ಮ ಅಪ್ಪನಿಗೆ ನೂರು ರೂಪಾಯಿ ಬೇಕಾದರೆ ಅವರು ಏನು ಮಾಡುತ್ತಾರೆ?

ನಾಲೆ ಏರಿ · ಮಂಗಳವಾರ ರಾತ್ರಿ 10:40

ಅಕ್ಕಾ, ಇಡೀ ದಿನ ಇದೇ ಯೋಚನೆ ಮಾಡಿದೆ.

ದುಡ್ಡು ಇಬ್ಬರ ಹೆಸರಿನಲ್ಲಿದೆ. ಆದರೆ ಪಾಸ್‌ಬುಕ್, ಚೆಕ್, ಕಾರ್ಡ್ ಎಲ್ಲಾ ನನ್ನ ಬೀರುವಿನಲ್ಲಿ. ಮೆಸೇಜ್ ಬರುವುದೂ ನನ್ನ ಫೋನಿಗೆ. ಅಪ್ಪನಿಗೆ ಇವೆಲ್ಲ ತಲೆನೋವು ಯಾಕೆ ಅಂತ ನಾನೇ ಇಟ್ಟುಕೊಂಡೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ನೂರೋ ಇನ್ನೂರೋ ಕೊಟ್ಟು ಹೋಗುತ್ತಿದ್ದೆ. ಅವಸರದಲ್ಲಿ ಮರೆತ ದಿನಗಳೂ ಇವೆ. ಅವರು ಕೇಳುತ್ತಿರಲಿಲ್ಲ. ಬೇಕಾಗಿಲ್ಲ ಅಂತ ನಾನು ತಿಳಿದುಕೊಂಡೆ.

ಹೋಟೆಲ್ ಕಟ್ಟೆಯಲ್ಲಿ ಐದು ಜನ ಹಿರಿಯರು ಕೂರುತ್ತಾರೆ. ಚಹಾದ ದುಡ್ಡು ಒಂದೊಂದು ದಿನ ಒಬ್ಬೊಬ್ಬರದು. ಅಪ್ಪ ಅಲ್ಲಿಗೆ ಹೋಗುವುದನ್ನು ಯಾಕೆ ಬಿಟ್ಟರು ಅಂತ ಇವತ್ತು ನನಗೆ ಗೊತ್ತಾಯಿತು.

ಗದ್ದೆ ಇದ್ದಾಗ ಶನಿವಾರ ಸಂಜೆ ಆಳುಗಳಿಗೆ ಬಟವಾಡೆ ಮಾಡುತ್ತಿದ್ದವರು ಅವರೇ. ಜಗಲಿ ಮೇಲೆ ಕೂತು, ಒಬ್ಬೊಬ್ಬರ ಹೆಸರು ಹಿಡಿದು ಕರೆದು, ಎಣಿಸಿ ಕೊಡುತ್ತಿದ್ದರು. ಸಾಲ ಮಾಡಿ ತಂದ ದುಡ್ಡೇ ಇರಲಿ, ಕೊಡುವ ಕೈ ಅವರದಾಗಿತ್ತು. ಅದನ್ನು ನಾನು ಕಿತ್ತುಕೊಂಡೆ. ಒಳ್ಳೆಯದು ಮಾಡುತ್ತೇನೆ ಅಂದುಕೊಂಡೇ ಕಿತ್ತುಕೊಂಡೆ.

ನಿವೃತ್ತ ಕ್ಯಾಷಿಯರ್ · ಬುಧವಾರ ಬೆಳಿಗ್ಗೆ 9:20

ನಾನು ಬ್ಯಾಂಕಿನಲ್ಲಿ 34 ವರ್ಷ ಕೌಂಟರ್ ಹಿಂದೆ ಕೂತವನು. ವಯಸ್ಸಾದವರ ಪಾಸ್‌ಬುಕ್ ಮಕ್ಕಳ ಕೈಯಲ್ಲಿರುವುದನ್ನು ದಿನಾ ನೋಡಿದ್ದೇನೆ. ಕೆಲವರು ಕೌಂಟರಿಗೆ ಬಂದು "ನನ್ನ ಖಾತೆಯಲ್ಲಿ ಎಷ್ಟಿದೆ ನೋಡಿ ಸ್ವಾಮಿ" ಅಂತ ಮೆಲ್ಲಗೆ ಕೇಳುತ್ತಿದ್ದರು. ಹೇಳಿದರೆ ಸಾಕು, ತೆಗೆಯುತ್ತಿರಲಿಲ್ಲ. ಹೇಳಿಸಿಕೊಂಡು ಹೋಗುವುದಕ್ಕೇ ಬರುತ್ತಿದ್ದರು.

ಕೆಲಸದ ಮಾತು ಹೇಳುತ್ತೇನೆ.

ತಂದೆಯವರ ಹೆಸರಿನಲ್ಲೇ ಒಂದು ಪ್ರತ್ಯೇಕ ಉಳಿತಾಯ ಖಾತೆ ಮಾಡಿಸಿ. ತಿಂಗಳ ಬಡ್ಡಿಯಲ್ಲಿ ಒಂದು ಪಾಲು ನೇರ ಅಲ್ಲಿಗೇ ಹೋಗಲಿ. ಕಾರ್ಡ್ ಅವರ ಕೈಗೆ ಕೊಡಿ, ಒಂದು ಸಲ ಜೊತೆಗೆ ನಿಂತು ತೆಗೆಯುವುದನ್ನು ಕಲಿಸಿ. ಫೋನಿನಲ್ಲಿ ಯಾರು ಒಟಿಪಿ ಕೇಳಿದರೂ ಹೇಳಬಾರದು ಅನ್ನುವುದನ್ನು ಹತ್ತು ಸಲ ಹೇಳಿ. ಕಾರ್ಡ್ ಬೇಡ ಅಂದರೆ ವಿತ್‌ಡ್ರಾವಲ್ ಚೀಟಿ ತುಂಬಿ ತೆಗೆಯಲಿ. ಬ್ಯಾಂಕಿಗೆ ನಡೆದು ಹೋಗಿ ಬರುವುದೂ ಒಂದು ಕೆಲಸವೇ.

ದೊಡ್ಡ ಮೊತ್ತವನ್ನು ಒಂದೇ ಬ್ಯಾಂಕಿನಲ್ಲಿ ಇಟ್ಟಿದ್ದರೆ ಹಂಚಿ. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಐದು ಲಕ್ಷದವರೆಗೆ ಮಾತ್ರ, 2020ರಲ್ಲಿ ಒಂದು ಲಕ್ಷದಿಂದ ಏರಿಸಿದ್ದು. 60 ದಾಟಿದವರಿಗೆ ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 2023ರ ಏಪ್ರಿಲ್‌ನಿಂದ 30 ಲಕ್ಷದವರೆಗೆ ಇಡಬಹುದು. ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಸುಗ್ಗಿಯ ಹಾಗೆ ಆಗಾಗ ದುಡ್ಡು ಬಂದರೆ ರೈತರಿಗೆ ಅದು ಹಿಡಿಸುತ್ತದೆ, ನಾನು ಕಂಡಿದ್ದೇನೆ.

ಬಂದ ಬಡ್ಡಿಯನ್ನೆಲ್ಲ ಖರ್ಚು ಮಾಡಬೇಡಿ. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರುತ್ತಾ ಹೋದರೆ 12 ವರ್ಷಕ್ಕೆ ನಿಮ್ಮ ದುಡ್ಡು ಅರ್ಧ ಕೊಳ್ಳುತ್ತದೆ. ಗದ್ದೆಯ ಬೆಲೆ ತಾನೇ ಏರುತ್ತಿತ್ತು, ಬ್ಯಾಂಕಿನಲ್ಲಿ ಇಟ್ಟ ಅಸಲು ಏರುವುದಿಲ್ಲ. ತಂದೆಯವರಿಗೆ ಈ ಭಯ ಒಳಗೆ ಇರಬಹುದು. ಕೇಳಿ ನೋಡಿ.

ಭಟ್ಟಿ ಹುಡುಗ · ಬುಧವಾರ ಸಂಜೆ 4:00

ಸರ್, ನಿಮ್ಮನ್ನು ಒಂದು ಕೇಳಬಹುದಾ? ನನ್ನ ಸಾಲಕ್ಕೆ ಏನಾದರೂ ದಾರಿ ಇದೆಯಾ? ಕೊಟ್ಟವರು ನನ್ನಿಂದ ಖಾಲಿ ಚೆಕ್ ತೆಗೆದುಕೊಂಡಿದ್ದಾರೆ.

ನಿವೃತ್ತ ಕ್ಯಾಷಿಯರ್ · ಬುಧವಾರ ಸಂಜೆ 4:45

ಇದೆ ತಮ್ಮಾ. ಹೆದರಬೇಡಿ.

ನೂರಕ್ಕೆ ತಿಂಗಳಿಗೆ ಐದು ಅಂದರೆ ವರ್ಷಕ್ಕೆ ನೂರಕ್ಕೆ 60. ವಿಪರೀತ ಬಡ್ಡಿ ವಸೂಲಿ ತಡೆಯಲು ನಮ್ಮ ರಾಜ್ಯದಲ್ಲಿ 2004ರಲ್ಲೇ ಕಾಯ್ದೆ ಬಂದಿದೆ. ಸಾಲಗಾರರಿಗೆ ಕಿರುಕುಳ ಕೊಡುವುದರ ವಿರುದ್ಧ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೂ ಬಂತು. ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ವಕೀಲರ ಸಲಹೆಗೆ ದುಡ್ಡು ಕೊಡಬೇಕಾಗಿಲ್ಲ. ಕಟ್ಟಿದ್ದಕ್ಕೆ ಇರುವ ದಾಖಲೆ, ಫೋನ್ ಪೇ ಚರಿತ್ರೆ ಎಲ್ಲಾ ತೆಗೆದುಕೊಂಡು ಹೋಗಿ. ಚೆಕ್ಕಿನ ಮಾತನ್ನು ಮೊದಲೇ ಹೇಳಿ.

ಮನೆಯಲ್ಲಿ ಸ್ವಲ್ಪ ಚಿನ್ನ ಇದ್ದರೆ ಬ್ಯಾಂಕಿನಲ್ಲಿ ಅಡವಿಟ್ಟು ಈ ಅಸಲು ಮುಗಿಸಿಬಿಡಿ. ಬ್ಯಾಂಕ್ ಒಂದು ವರ್ಷಕ್ಕೆ ತೆಗೆದುಕೊಳ್ಳುವ ಬಡ್ಡಿಯನ್ನು ನೀವು ಈಗ ಎರಡು ಮೂರು ತಿಂಗಳಲ್ಲೇ ಕಟ್ಟುತ್ತಿದ್ದೀರಿ. ಹೆಂಡತಿ ಸಂಘದಲ್ಲಿದ್ದರೆ ಅಲ್ಲೂ ಕೇಳಿ. ಕಾಗದ ಬರೆಯಲು ಸಹಾಯ ಬೇಕಾದರೆ ನನಗೆ ಖಾಸಗಿ ಮೆಸೇಜ್ ಮಾಡಿ. ನಾನು ಊರಲ್ಲೇ ಇದ್ದೇನೆ, ಜೊತೆಗೆ ಬರುತ್ತೇನೆ.

ದುರ್ಗದ ಮೇಷ್ಟ್ರು · ಬುಧವಾರ ರಾತ್ರಿ 7:30

ಕ್ಯಾಷಿಯರ್ ಸಾಹೇಬರಿಗೆ ಕೈ ಮುಗಿಯುತ್ತೇನೆ.

ನಾಲೆ ಏರಿ ಅವರ "ಕೊಡುವ ಕೈ" ಮಾತಿಗೆ ಒಂದು ಸೇರಿಸುತ್ತೇನೆ. 2008ರಲ್ಲಿ ಎಲಿಜಬೆತ್ ಡನ್ ಮತ್ತು ಜೊತೆಗಾರರು 46 ಜನರಿಗೆ ಬೆಳಿಗ್ಗೆ ಒಂದೊಂದು ಕವರ್ ಕೊಟ್ಟರು. ಕೆಲವರಿಗೆ 5 ಡಾಲರ್, ಕೆಲವರಿಗೆ 20. ಸಂಜೆ ಐದರೊಳಗೆ ಖರ್ಚು ಮಾಡಬೇಕು. ಅರ್ಧ ಜನ ತಮಗಾಗಿ, ಅರ್ಧ ಜನ ಬೇರೆಯವರಿಗಾಗಿ. ಸಂಜೆ ನೋಡಿದರೆ ಬೇರೆಯವರಿಗೆ ಖರ್ಚು ಮಾಡಿದವರು ಹೆಚ್ಚು ಖುಷಿಯಲ್ಲಿದ್ದರು. ಐದಾ, ಇಪ್ಪತ್ತಾ ಅನ್ನುವುದರಿಂದ ವ್ಯತ್ಯಾಸ ಆಗಲಿಲ್ಲ.

ಚಿಕ್ಕ ಪ್ರಯೋಗ. ಆದರೆ ಐದು ಜನರ ಚಹಾದ ದುಡ್ಡು ನೆನಪಾಯಿತು.

ನಾಲೆ ಏರಿ · ಭಾನುವಾರ ಸಂಜೆ 6:15

ಒಂದು ವಾರ ಆಯಿತು. ಎಲ್ಲರೂ ಕೇಳುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಗುರುವಾರ ಆಸ್ಪತ್ರೆಗೆ ಹೋದೆವು. ಡಾಕ್ಟರು ಅಪ್ಪನ ಜೊತೆ ಒಬ್ಬರೇ ಅರ್ಧ ಗಂಟೆ ಮಾತಾಡಿದರು. ಮಾತ್ರೆ ಕೊಟ್ಟಿದ್ದಾರೆ, ಮೂರು ವಾರ ಬಿಟ್ಟು ಬನ್ನಿ ಎಂದರು.

ಶುಕ್ರವಾರ ಖಾತೆ ಮಾಡಿಸಿದೆವು. ಅಪ್ಪ ಸಹಿ ಹಾಕುವಾಗ ಕೈ ನಡುಗಿತು. ಪಾಸ್‌ಬುಕ್ ಕೊಟ್ಟೆ. ತಿರುಗಿಸಿ ನೋಡಿ ಒಳ ಜೇಬಿಗೆ ಇಟ್ಟುಕೊಂಡರು. ದಾರಿಯಲ್ಲಿ ನಾನು ಹೇಳಬೇಕೆಂದಿದ್ದನ್ನು ಹೇಳಿದೆ. "ತಪ್ಪಾಯಿತು ಅಪ್ಪಾಜಿ, ನಿಮ್ಮ ದುಡ್ಡು ನಾನು ಇಟ್ಟುಕೊಂಡಿದ್ದೆ" ಎಂದೆ. "ನೀನು ಒಳ್ಳೆಯದಕ್ಕೇ ಮಾಡಿದ್ದೆ ಬಿಡು" ಎಂದರು. ಅಷ್ಟೇ.

ಶನಿವಾರ ಅವರೊಬ್ಬರೇ ಹೋಗಿ ಐದು ಸಾವಿರ ತೆಗೆದಿದ್ದಾರೆ. ಸಂಜೆವರೆಗೂ ಮನೆಗೆ ಬರಲಿಲ್ಲ, ನಮಗೆ ಗಾಬರಿ. ನಮ್ಮ ಗದ್ದೆಯಲ್ಲಿ ಹದಿನೆಂಟು ವರ್ಷ ನಾಟಿ, ಕಳೆ ಮಾಡಿದ ಒಬ್ಬ ಅಜ್ಜಿ ಇದ್ದಾರೆ. ಗದ್ದೆ ಹೋದ ಮೇಲೆ ಅವರಿಗೂ ಕೂಲಿ ಹೋಯಿತು. ಅದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ ನೋಡಿ. ಅಪ್ಪ ಅವರ ಮನೆ ಹುಡುಕಿಕೊಂಡು ಹೋಗಿ ಮೂರು ಸಾವಿರ ಕೊಟ್ಟು ಬಂದಿದ್ದಾರೆ. ಶನಿವಾರವೇ ಹೋಗಿದ್ದಾರೆ.

ನನ್ನ ಹೆಂಡತಿಗೆ ಸ್ವಲ್ಪ ಬೇಸರ. ಹೀಗೆ ಕೊಡುತ್ತಾ ಹೋದರೆ ಹೇಗೆ ಅನ್ನುತ್ತಾಳೆ. ಅವಳ ಭಯವೂ ಸುಳ್ಳಲ್ಲ, ಅವಳೂ ಸಾಲದ ದಿನ ನೋಡಿದವಳು.

ಬೆಂಗಳೂರಲ್ಲಿ ದಾವಣಗೆರೆ · ಭಾನುವಾರ ಸಂಜೆ 7:00

ನಾನು ಮೊದಲು ಬರೆದದ್ದು ಅವಸರದ ಮಾತು. ಭಟ್ಟಿ ತಮ್ಮನ ಹತ್ತಿರ ಕ್ಷಮೆ ಕೇಳುತ್ತೇನೆ. ಸಾಕು ಅನ್ನುವ ಮಾತನ್ನು ಸಾಕಾಗುವಷ್ಟು ಇರುವವನು ಇಲ್ಲದವನಿಗೆ ಹೇಳಬಾರದಿತ್ತು. ಮೊಳಕಾಲ್ಮೂರು ಸೀರೆಯ ಖುಷಿ ಯಾಕೆ ಅಷ್ಟು ದೊಡ್ಡದಿತ್ತು ಅಂತಲೂ ಈಗ ಅರ್ಥ ಆಗುತ್ತಿದೆ.

ನಿಟ್ಟುವಳ್ಳಿ ಅಕ್ಕ · ಭಾನುವಾರ ರಾತ್ರಿ 8:20

ನಿಮ್ಮ ಹೆಂಡತಿಯ ಹೆಸರಿನಲ್ಲೂ ಒಂದು ಖಾತೆ ಮಾಡಿಸಿ ತಮ್ಮಾ. ಆಗ ಅವಳ ಭಯ ಕಡಿಮೆ ಆಗುತ್ತದೆ.

ಮಿಲ್ ಕಾಲೊನಿ · ಭಾನುವಾರ ರಾತ್ರಿ 8:45

ಓದಿ ಸಮಾಧಾನ ಆಯಿತು. ಮಾತ್ರೆ ನಿಲ್ಲಿಸಬೇಡಿ. ಗದ್ದೆ ಹತ್ತಿರ ಈಗಲೂ ಹೋಗುತ್ತಾರಾ?

ನಾಲೆ ಏರಿ · ಭಾನುವಾರ ರಾತ್ರಿ 9:30

ಹೋಗುತ್ತಾರೆ ಅಕ್ಕಾ, ದಿನಾ. ಇವತ್ತು ನಾನೂ ಜೊತೆಗೆ ಹೋಗಿದ್ದೆ.

ಬದುವಿನ ಮೇಲೆ ಒಂದು ಬೇವಿನ ಮರ ಇತ್ತು. ಬುತ್ತಿ ಬಿಚ್ಚುತ್ತಿದ್ದದ್ದು ಅದರ ಕೆಳಗೇ. ಲೇಔಟ್‌ನವರು ಯಾಕೋ ಅದನ್ನು ಕಡಿದಿಲ್ಲ. ಈಗ ಅದು 14ನೇ ನಂಬರ್ ಸೈಟಿನೊಳಗೆ ಬಂದಿದೆ. 30x40, ಒಂದು ಗುಂಟೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಇನ್ನೂ ಮಾರಾಟ ಆಗಿಲ್ಲ.

ಅಪ್ಪ ಮರದ ಕೆಳಗೆ ನಿಂತು, ಆಫೀಸಿನಲ್ಲಿ ಕೇಳಿ ಬಂದಿದ್ದೇನೆ ಎಂದರು. ರೇಟು ಹೇಳಿದರು. ನಾವು ಒಂದು ಗುಂಟೆಗೆ ಪಡೆದದ್ದರ ಹತ್ತಿರ ಹತ್ತಿರ ಆರು ಪಟ್ಟು. "ಕಂತಿನಲ್ಲಿ ಕೊಡುತ್ತಾರಂತೆ" ಎಂದು ನನ್ನ ಮುಖ ನೋಡಿದರು.

ನಾನು ಬೇಡ ಅನ್ನಲಿಲ್ಲ. ಹೂಂ ಅನ್ನಲೂ ಇಲ್ಲ. ನಿಮ್ಮ ಖಾತೆ, ನೀವೇ ಯೋಚನೆ ಮಾಡಿ ಎಂದೆ. ಕ್ಯಾಷಿಯರ್ ಸರ್, ಇದಕ್ಕೆ ನೀವೇನು ಹೇಳುತ್ತೀರಿ?